ಸಾಕು ಕೋಳಿ

ಕೋಳಿ ಸತ್ತಿದ್ದನ್ನು ಮೊದಲು ನೋಡಿದವರು ಅತ್ತೆ. ಬೆಳಗ್ಗೆ ಹಿತ್ತಲ ಬಾಗಿಲು ತೆಗೆದು, ಜಾಲರಿ ಗೂಡಿನ ಹತ್ತಿರ ಹೋಗಿ, “ಏನೇ ಚೆಕಿಂಗು, ಇನ್ನೂ ಎದ್ದಿಲ್ವಾ ಮಹಾರಾಣಿ?” ಅಂದರು. ಆಮೇಲೆ ಮಾತು ನಿಂತುಹೋಯಿತು. ಅತ್ತೆಯ ಬಾಯಿ ಬೆಳಗ್ಗೆ ಒಮ್ಮೆ ತೆರೆದರೆ ನಡುವೆ ನಿಲ್ಲುವಂಥದ್ದಲ್ಲ. ಒಳಗೆ ತಲೆ ಬಾಚಿಕೊಳ್ಳುತ್ತಿದ್ದ ಸೊಸೆ ಬಾಚಣಿಗೆಯನ್ನು ಕೂದಲಲ್ಲೇ ಸಿಕ್ಕಿಸಿಕೊಂಡು ಓಡಿಬಂದಳು.

ಕೋಳಿ ಮಗ್ಗುಲಾಗಿ ಬಿದ್ದಿತ್ತು. ಕಾಲು ನೀಟಾಗಿ ಚಾಚಿಕೊಂಡಿತ್ತು. ಗಾಯವಿಲ್ಲ, ರಕ್ತವಿಲ್ಲ, ಪುಕ್ಕ ಕಿತ್ತಿಲ್ಲ, ಜಾಲರಿ ಎಲ್ಲೂ ಹರಿದಿಲ್ಲ. ಮೂಲೆಯ ಹುಲ್ಲಿನಲ್ಲಿ ನಿನ್ನೆ ಇಟ್ಟ ಮೊಟ್ಟೆ ಹಾಗೇ ಇತ್ತು. ಕೆಂಪಗೆ ಉರಿಯುತ್ತಿದ್ದ ಜುಟ್ಟು ಮಾತ್ರ ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ ಬಿಳಚಿಕೊಂಡಿತ್ತು.

“ನಿನ್ನೆ ಸಾಯಂಕಾಲ ಗುಂಡುಕಲ್ಲಿನ ಹಾಗಿತ್ತು,” ಅಂದರು ಅತ್ತೆ. ಅಂದು, ಸೊಸೆಯ ಮುಖವನ್ನು ಒಂದು ಸಲ ನೋಡಿದರು. ಹೆಚ್ಚು ಹೊತ್ತೇನೂ ನೋಡಲಿಲ್ಲ.

ಆ ನೋಟಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಹಿಂದಿನ ದಿನ ಗೂಡು ತೊಳೆಯಲೆಂದು ಕೋಳಿಯನ್ನು ಹೊರಗೆ ಬಿಟ್ಟಾಗ ಅದು ಬಕೆಟ್ಟಿನ ಮೇಲೆ ಹತ್ತಿ, ಸೊಸೆ ಕನ್ನಡಕದ ಅಂಗಡಿಯ ಕೆಲಸಕ್ಕೆ ಹಾಕಿಕೊಂಡು ಹೋಗುವ, ಒಗೆದಿಟ್ಟ ಬಿಳಿ ಕೋಟಿನ ಮೇಲೆ ಹಿಕ್ಕೆಯಲ್ಲಿ ತನ್ನ ಸಹಿ ಹಾಕಿತ್ತು. ಸೊಸೆ ಬೀದಿಗೆಲ್ಲ ಕೇಳುವ ಹಾಗೆ, “ನಿನ್ನ ಒಂದಿನ ಮುಗಿಸಿಬಿಡ್ತೀನಿ ನೋಡ್ತಿರು!” ಎಂದು ಕೂಗಿದ್ದಳು. ಅಡುಗೆಮನೆಯ ಅಟ್ಟದ ಮೇಲೆ ಇಲಿ ಪಾಷಾಣದ ಪೊಟ್ಟಣ ಇತ್ತು. ತಂದವಳು ಸೊಸೆ. ಮೂಲೆ ಒಡೆದು ಅರ್ಧ ಬಳಸಿದವಳೂ ಅವಳೇ.

ಪಕ್ಕದ ಮನೆಯ ಟೈಪ್ ಮೇಷ್ಟ್ರು ಗೋಡೆಯ ಮೇಲೆ ಮುಖ ಇಟ್ಟರು. ಟೈಪಿಂಗ್ ಕಲಿಸುವ ಕೆಲಸ ಲೋಕದಲ್ಲೇ ಇಲ್ಲವಾದ ಮೇಲೆ ಅವರಿಗೆ ಆ ಗೋಡೆಯೇ ಕಚೇರಿ.

“ವಿಷಾನೇ,” ಅಂದರು ಮೇಷ್ಟ್ರು. “ಅನುಭವದಲ್ಲಿ ಹೇಳ್ತಿದೀನಿ. ರಾತ್ರೋರಾತ್ರಿ ಹೀಗೆ ಹೋಗಬೇಕಾದ್ರೆ ವಿಷಾನೇ.”

“ನಿಮಗೆ ಕೋಳಿ ಅನುಭವ ಎಲ್ಲಿಂದ ಬಂತು ಮೇಷ್ಟ್ರೇ, ಟೈಪ್‌ರೈಟರಿಂದಾನಾ?” ಎಂದ ಸೊಸೆಯ ಗಂಡ, ಹಲ್ಲುಜ್ಜುತ್ತಲೇ. ನೊರೆ ಉಗುಳಿ, ಕೋಳಿಯನ್ನು ನೋಡಿದ. ಆಮೇಲೆ ಗುದ್ದಲಿ ಹುಡುಕಲು ಹೋದ.

ಅತ್ತೆ ಏನೂ ಅನ್ನಲಿಲ್ಲ. ಒಳಗೆ ಹೋದರು.

ಸೊಸೆ ಕೈ ತೊಳೆದುಕೊಂಡಳು. ಮಾವನ ಬೆಳಗಿನ ಊಟ ಅವಳ ಪಾಲಿನ ಕೆಲಸ. ಮೆತ್ತಗೆ ಕಲಸಿದ ಅನ್ನವನ್ನು ಬಟ್ಟಲಿಗೆ ಹಾಕಿ, ಚಮಚ ಇಟ್ಟು, ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು ಮಾವನ ಕೋಣೆಯ ಹೊಸ್ತಿಲವರೆಗೆ ಬಂದಿದ್ದಳು. ಹಿಂದಿನಿಂದ ಬಂದ ಅತ್ತೆಯ ಕೈ ಬಟ್ಟಲನ್ನು ಹಿಡಿಯಿತು.

“ಬಿಡು, ನಾನು ಕೊಡ್ತೀನಿ.”

“ಯಾಕತ್ತೆ? ನನಗಿನ್ನೂ ಹೊತ್ತಿದೆ.”

“ಬಿಡು ಅಂದ್ನಲ್ಲ. ಕೈ ಸರಿಯಾಗಿ ತೊಳ್ಕೊಂಡಿದೀಯೋ ಇಲ್ವೋ.”

“ಸೋಪು ಹಾಕಿ ತೊಳ್ಕೊಂಡಿದೀನಿ.”

ಅತ್ತೆ ಬಟ್ಟಲನ್ನು ಎಳೆದುಕೊಂಡರು. ಜೋರಾಗಿ ಎಳೆಯಲಿಲ್ಲ. ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವಂತೆ ಮೆಲ್ಲಗೆ, ಎಚ್ಚರಿಕೆಯಿಂದ ಬಿಡಿಸಿಕೊಂಡರು. ಅಡುಗೆಮನೆಗೆ ಹಿಂತಿರುಗಿ ಆ ಅನ್ನವನ್ನು ಬದಿಗಿಟ್ಟು, ಬೇರೆ ಬಟ್ಟಲಿಗೆ ಬೇರೆ ಅನ್ನ ಹಾಕಿದರು.

ಸೊಸೆ ಹೊಸ್ತಿಲ ಮೇಲೆ ಬರಿಗೈಯಲ್ಲಿ ನಿಂತಳು. ಕೋಳಿಗೆ ವಿಷ ಹಾಕಿದವಳು ಎಂದರೆ ಬೈದುಕೊಂಡು ಕೆಲಸಕ್ಕೆ ಹೋಗಬಹುದಿತ್ತು. ಇದು ಕೋಳಿಯ ಮಾತಾಗಿರಲಿಲ್ಲ.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಅವರ ಗಂಟಲು ಬಾಗಿಲಿನಿಂದ ಹಿಂದಿನ ಸೀಟಿನವರೆಗೆ ಒಂದೇ ಉಸಿರಿಗೆ ತಲುಪುತ್ತಿತ್ತು. ಸೊಸೆ ಆಗಿನ್ನೂ ಸೊಸೆಯಾಗಿರಲಿಲ್ಲ. ಅದೇ ಬಸ್ಸಿನಲ್ಲಿ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದ ಹುಡುಗಿ. ಒಂದು ದಿನ ಕಂಡಕ್ಟರರ ಕನ್ನಡಕದ ಕಡ್ಡಿ ಕಳಚಿ ಬಿತ್ತು. ಅವಳು ಬ್ಯಾಗಿನಿಂದ ಬೆರಳುದ್ದದ ಸ್ಕ್ರೂಡ್ರೈವರ್ ತೆಗೆದು, ಬಸ್ಸು ಗುಂಡಿಯಿಂದ ಗುಂಡಿಗೆ ಹಾರುತ್ತಿದ್ದಾಗಲೇ, ಸಾಸಿವೆಯಷ್ಟು ಸ್ಕ್ರೂವನ್ನು ಅದರ ಜಾಗಕ್ಕೆ ಕೂರಿಸಿದಳು. “ಇಂಥ ಕೈ ನಮ್ಮನೇಲಿರಬೇಕು ಕಣಮ್ಮ,” ಅಂದರು ಕಂಡಕ್ಟರ್, ಇಡೀ ಬಸ್ಸಿಗೆ ಕೇಳುವ ಹಾಗೆ. ಜನ ನಕ್ಕರು. ಅವರು ತಮಾಷೆಗೆ ಅಂದಿರಲಿಲ್ಲ. ಮುಂದಿನ ವರ್ಷ ಮಗನಿಗೆ ತಂದುಕೊಂಡರು.

ಆ ಕೈಯಿಂದ ಈಗ ಬಟ್ಟಲು ಹೋಗಿತ್ತು.

ಕೋಳಿಯೂ ಮಾವನೇ ತಂದದ್ದು. ನಿವೃತ್ತಿಯಾದ ಮೇಲೆ ಎರಡು ಮರಿ ತಂದಿದ್ದರು. ಒಂದು ಎಲ್ಲವನ್ನೂ ಕತ್ತು ಓರೆ ಮಾಡಿ, ಒಂದೇ ಕಣ್ಣಿನಿಂದ ಅನುಮಾನವಾಗಿ ನೋಡುತ್ತಿತ್ತು. ಟಿಕೆಟ್ ತಪಾಸಣೆಗೆ ಹತ್ತುವ ಇನ್ಸ್‌ಪೆಕ್ಟರನ ಹಾಗೆ. ಅದಕ್ಕೆ ಚೆಕಿಂಗ್ ಎಂದು ಹೆಸರಿಟ್ಟರು. ಇನ್ನೊಂದು ಯಾರನ್ನೂ ಕೇಳದೆ ಎಲ್ಲಿ ಬೇಕಾದಲ್ಲಿ ಹತ್ತಿ ಇಳಿಯುತ್ತಿತ್ತು, ಅದು ಪಾಸ್. ಪಾಸನ್ನು ಬೆಕ್ಕು ಹೊತ್ತುಕೊಂಡು ಹೋಯಿತು. ಅಂದಿನಿಂದ ಚೆಕಿಂಗಿಗೆ ಜಾಲರಿ ಗೂಡು. ಅದು ನಾಲ್ಕು ಹೆಜ್ಜೆ ಇಟ್ಟರೆ ಮುಗಿಯುವಷ್ಟು ಜಾಗ. ತಿಂದು ಅಲ್ಲೇ ಕೂರುವುದು, ಕೂತು ಅಲ್ಲೇ ತಿನ್ನುವುದು.

ಆಮೇಲೆ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಆಸ್ಪತ್ರೆಯವರು, “ಅವರಿಗೆ ಎಲ್ಲಾ ಅರ್ಥ ಆಗುತ್ತೆ, ಹೇಳೋಕೆ ಆಗಲ್ಲ ಅಷ್ಟೆ,” ಎಂದು ಮನೆಗೆ ಕಳಿಸಿದರು. ಬಸ್ಸಿನ ತುಂಬ ಅಷ್ಟು ವರ್ಷ ಕೂಗಿದ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ. ಉಳಿದದ್ದು ಒಂದೇ ಮಾತು: “ಸಾಕು.” ನೀರು ಬೇಕಾದರೂ ಸಾಕು, ದೀಪ ಆರಿಸಬೇಕಾದರೂ ಸಾಕು. ತಲೆಯಾಡಿಸುವುದನ್ನೂ ನಂಬುವ ಹಾಗಿರಲಿಲ್ಲ. ಹೌದಿಗೂ ಇಲ್ಲಕ್ಕೂ ಒಂದೇ ಥರ ಆಡಿಸುತ್ತಿದ್ದರು.

ಮಂಚದ ಪಕ್ಕ ನಿಂತು ಅತ್ತೆ ಒಮ್ಮೆ ಮಗನಿಗೆ ಅಂದಿದ್ದರು: “ಈ ಕೋಳೀನ ಯಾರಿಗಾದ್ರೂ ಕೊಟ್ಬಿಡೋಣ ಕಣೋ. ಇವರನ್ನ ನೋಡ್ಕೊಳ್ಳೋದಾ, ಅದನ್ನ ನೋಡ್ಕೊಳ್ಳೋದಾ?” ಆಗ ಮಾವ ಗಟ್ಟಿಯಾಗಿ, “ಸಾಕು!” ಅಂದರು. ಕಣ್ಣಲ್ಲಿ ನೀರು ಬಂತು.

“ನೋಡು,” ಅಂದರು ಅತ್ತೆ, ಸೆರಗಿನಿಂದ ಅವರ ಕಣ್ಣೊರೆಸುತ್ತ. “ಸಾಕು ಅಂತಿದಾರೆ. ಸಾಕ್ತೀನಿ ಕಣ್ರೀ, ನಿಮ್ಮಾಣೆ, ಸಾಕ್ತೀನಿ.”

ಅಲ್ಲಿಗೆ ಮನೆಯ ನಿಘಂಟು ತೀರ್ಮಾನವಾಯಿತು. ಚಮಚದ ಮುಂದೆ ಸಾಕು ಅಂದರೆ, ಹೊಟ್ಟೆ ತುಂಬಿತು. ಕಿಟಕಿಯಿಂದ ಕೋಳಿ ನೋಡುತ್ತ ಸಾಕು ಅಂದರೆ, ಅದನ್ನು ಚೆನ್ನಾಗಿ ಸಾಕು. ಅವರ ಕುರ್ಚಿಯನ್ನು ಗೂಡು ಕಾಣುವ ಕಿಟಕಿಗೆ ಎಳೆದು ಹಾಕಿದರು. ಕೋಳಿ ಇರುವವರೆಗೆ ಅವರೂ ಇರುತ್ತಾರೆ ಎಂದು ಅತ್ತೆ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸೊಸೆ ಹಿತ್ತಲಿಗೆ ಹೋದಾಗ ಗಂಡ ಗುಂಡಿ ತೆಗೆಯುತ್ತಿದ್ದ.

“ಮುಚ್ಚು ಅದನ್ನ.”

“ಯಾಕೆ? ಇಷ್ಟು ಆಳ ಆಗುತ್ತೆ ಬಿಡು ಕೋಳಿಗೆ.”

“ಮುಚ್ಚು ಅಂದೆ. ದನದ ಆಸ್ಪತ್ರೆಗೆ ತಗೊಂಡ್ಹೋಗಿ ಕೊಯ್ಸಿ ನೋಡ್ತೀನಿ.”

ಕನ್ನಡಕದ ಫ್ರೇಮುಗಳು ಬರುವ ರಟ್ಟಿನ ಪೆಟ್ಟಿಗೆ ಮನೆಯಲ್ಲಿತ್ತು. ಕೋಳಿಯನ್ನು ಹಳೆ ಪೇಪರಿನಲ್ಲಿ ಸುತ್ತಿ ಅದರೊಳಗೆ ಇಟ್ಟಳು. ಎತ್ತಿದಾಗ ಕೈ ಕೆಳಗೆ ಜಗ್ಗಿತು. ಇಷ್ಟು ಭಾರ ಯಾವಾಗ ಆಯಿತು ಇದು ಎಂದುಕೊಂಡಳು. ಅಂಗಡಿಯ ಯಜಮಾನರಿಗೆ ಫೋನ್ ಮಾಡಿ, ಮನೆಯಲ್ಲಿ ಸಾವು, ಮಧ್ಯಾಹ್ನದವರೆಗೆ ಬರುವುದು ಕಷ್ಟ ಅಂದಳು. ಅವರು ಗಾಬರಿಯಾಗಿ ಯಾರು ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟಳು.

ಗಂಡ ಬೇಕರಿಯ ವ್ಯಾನು ಓಡಿಸುತ್ತಿದ್ದ. “ಬ್ರೆಡ್ ವ್ಯಾನಲ್ಲಿ ಹೆಣ ಸಾಗಿಸಿದ್ದು ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ,” ಎಂದು ಗೊಣಗಿದ. ಆದರೂ ಬಾಗಿಲು ತೆಗೆದ. ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹಿಂದಿನಿಂದ ನಿನ್ನೆಯ ಬನ್ನಿನ ವಾಸನೆ ಬರುತ್ತಿತ್ತು.

“ನೀನು ಹಾಕಿಲ್ಲ ಅಂತ ನನಗೆ ಗೊತ್ತು,” ಎಂದ ಗಂಡ, ರಸ್ತೆ ನೋಡುತ್ತ.

“ಗೊತ್ತಿದ್ರೆ ಅಲ್ಲಿ ಯಾಕೆ ಬಾಯಿ ಬಿಡ್ಲಿಲ್ಲ?”

“ಅಮ್ಮ ಏನೂ ಅನ್ಲಿಲ್ವಲ್ಲ.”

“ಅದೇ.”

ಗಂಡ ಗೇರ್ ಬದಲಾಯಿಸಿದ.

ದನದ ಆಸ್ಪತ್ರೆಯ ಡಾಕ್ಟರಮ್ಮ ಪೆಟ್ಟಿಗೆಯ ಮೇಲಿನ ಅಕ್ಷರ ಓದಿ, “ಏನಮ್ಮ, ಎಮ್ಮೆಗೆ ಕನ್ನಡಕ ತಂದ್ರಾ?” ಅಂದರು.

“ಕೋಳಿ, ಮೇಡಂ. ಸತ್ತಿದೆ. ಯಾಕೆ ಸತ್ತಿತು ಅಂತ ನೋಡಿ ಹೇಳ್ಬೇಕು.”

“ಎಷ್ಟು ಕೋಳಿ ಇವೆ ನಿಮ್ಮ ಹತ್ರ? ಬೇರೆ ಯಾವುದಕ್ಕಾದ್ರೂ ಕಾಯಿಲೆ ಇದೆಯಾ?”

“ಇದ್ದಿದ್ದೇ ಇದೊಂದು.”

“ಒಂದು ಕೋಳಿಗೆ ಪೋಸ್ಟ್‌ಮಾರ್ಟಂ ಕೇಳ್ಕೊಂಡು ಬಂದವರು ನೀವೇ ಮೊದಲು.” ಡಾಕ್ಟರಮ್ಮ ಗಡಿಯಾರ ನೋಡಿದರು. ಹೊರಗೆ ಕಾಲು ಮುರಿದ ಮೇಕೆಯೊಂದು ಅರಚುತ್ತಿತ್ತು. “ತಿಳ್ಕೊಂಡು ಏನು ಮಾಡ್ತೀರಾ? ಸತ್ತಿದ್ದು ಸತ್ತಿತು.”

“ಆ ಮನೇಲಿ ಇರೋಕಾಗುತ್ತೆ,” ಅಂದಳು ಸೊಸೆ.

ಡಾಕ್ಟರಮ್ಮ ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕೈಗವಸು ಎಳೆದುಕೊಂಡರು. “ಮೊದಲು ಮೇಕೆ. ಆಮೇಲೆ ನಿಮ್ಮದು. ಹಿಂದಗಡೆ ಬನ್ನಿ.”

ಕಟ್ಟಡದ ಹಿಂದೆ ತಗಡಿನ ಮಾಡಿನ ಕೆಳಗೆ ಸಿಮೆಂಟಿನ ಕಟ್ಟೆ ಇತ್ತು; ಪಕ್ಕದಲ್ಲೇ ನಲ್ಲಿ. ಮೇಕೆಯ ಕಾಲಿಗೆ ಪಟ್ಟಿ ಕಟ್ಟಿ ಬಂದ ಡಾಕ್ಟರಮ್ಮ ಕೋಳಿಯ ಪುಕ್ಕವನ್ನು ಸೋಪಿನ ನೀರಿನಲ್ಲಿ ನೆನೆಸಿ, ಎದೆಯಿಂದ ಕೆಳಗೆ ಕತ್ತರಿ ಓಡಿಸಿದರು. ಸೊಸೆ ಮುಖ ತಿರುಗಿಸಲಿಲ್ಲ. ನೋಡಬೇಕೆಂದೇ ಬಂದಿದ್ದಳು.

ಚರ್ಮ ಬಿಡಿಸಿದರೆ ಒಳಗೆಲ್ಲ ಹಳದಿ. ಗೊಬ್ಬರದ ಹುಳ, ರೋಗ, ಕೀವು ಏನೇನೋ ಇರಬಹುದೆಂದು ಹಲ್ಲು ಕಚ್ಚಿಕೊಂಡಿದ್ದ ಸೊಸೆಗೆ ಅದು ಬೆಣ್ಣೆಯ ಹಾಗೆ ಕಂಡಿತು.

“ಅಯ್ಯೋ ಪುಣ್ಯಾತ್ಗಿತ್ತಿ,” ಅಂದರು ಡಾಕ್ಟರಮ್ಮ ಕೋಳಿಗೆ. “ಇದು ಕೋಳಿ ಅಲ್ಲಮ್ಮ, ಕೊಬ್ಬಿನ ಮೂಟೆ. ಇಲ್ನೋಡಿ, ಇದು ಲಿವರ್. ಕೆಂಗಂದು ಬಣ್ಣ ಇರಬೇಕು. ಇದು ಬಿಸ್ಕತ್ತಿನ ಬಣ್ಣ ಇದೆ.” ಬೆರಳಿನಿಂದ ಮೆಲ್ಲಗೆ ಒತ್ತಿದರು. ಅದು ನೆನೆದ ಬಿಸ್ಕತ್ತಿನ ಹಾಗೆಯೇ ಪುಡಿಯಾಯಿತು. ಅದರ ಮೇಲೆ ಹೆಪ್ಪುಗಟ್ಟಿದ ಕಪ್ಪು ರಕ್ತ ಮುದ್ದೆಯಾಗಿ ಕೂತಿತ್ತು. “ಲಿವರ್ ತುಂಬ ಕೊಬ್ಬು ತುಂಬ್ಕೊಂಡು ಮೆತ್ತಗಾಗಿದೆ. ಒಂದಿನ ಹರಿದಿದೆ. ಮೊಟ್ಟೆ ಇಡೋಕೆ ತಿಣುಕಿದಾಗ ಹರಿಯಿತೋ, ಸೆಖೆಗೆ ಹರಿಯಿತೋ. ರಕ್ತವೆಲ್ಲ ಒಳಗೇ ಸುರಿದಿದೆ. ಅದಕ್ಕೇ ಜುಟ್ಟು ಬಿಳಚಿಕೊಂಡಿರೋದು. ಹೆಚ್ಚು ನರಳಿರಲ್ಲ ಬಿಡಿ.”

“ವಿಷ ಅಲ್ವಾ? ಇಲಿ ಪಾಷಾಣ?”

“ಓ, ಹಾಗಾ ಸಮಾಚಾರ!” ಡಾಕ್ಟರಮ್ಮ ತಲೆ ಎತ್ತಿದರು. “ಒಂದು ಜಾತಿ ಪಾಷಾಣ ರಕ್ತ ಸೋರಿಸುತ್ತೆ. ಆದ್ರೆ ಅದು ತೊಡೇಲಿ, ಚರ್ಮದ ಕೆಳಗೆ, ಎಲ್ಲೆಂದರಲ್ಲಿ ಸೋರಿಸುತ್ತೆ. ಇಲ್ಲಿ ಒಂದೇ ಕಡೆ, ಹರಿದ ಜಾಗದಲ್ಲಿ. ಇನ್ನೊಂದು ಜಾತಿ ಇದೆ, ಹೊಟ್ಟೆ ಕೊಯ್ದ ಕೂಡಲೇ ಬೆಳ್ಳುಳ್ಳಿ ನಾತ ಹೊಡೆಯುತ್ತೆ. ಬಗ್ಗಿ ಮೂಸಿ ನೋಡಿ. ಏನು ವಾಸನೆ?”

ಕತ್ತಿನ ಬುಡದ ಮೇವಿನ ಚೀಲವನ್ನು ಅವರು ತಟ್ಟೆಗೆ ಬಿಡಿಸಿದ್ದರು. ಸೊಸೆ ಬಗ್ಗಿದಳು.

“ಕೇಕು,” ಅಂದಳು.

“ಅದೇ.”

ತಟ್ಟೆಯಲ್ಲಿ ಕೋಳಿಯ ಕಡೆಯ ಊಟ ಇತ್ತು. ಸಿಪ್ಪೆ ತೆಗೆದು ಬೇಳೆ ಮಾಡಿದ ಕಡಲೆಬೀಜ. ಕೆಂಪು ಹಸಿರು ಹಣ್ಣಿನ ಚೂರುಗಳಿರುವ ಕೇಕಿನ ಉಂಡೆ. ಬೆಳ್ಳಗೆ ತೆಳ್ಳಗೆ ಹೆಚ್ಚಿದ ಕೊಬ್ಬರಿ. ಮತ್ತೆ ಸೂರ್ಯಕಾಂತಿ ಬೀಜ, ರಾಶಿ.

ಸೂರ್ಯಕಾಂತಿ ಬೀಜವನ್ನು ನೋಡಿ ಸೊಸೆಯ ಕಿವಿ ಬಿಸಿಯಾಯಿತು. ಅಂಗಡಿಯಲ್ಲಿ ಗಾಜು ಉಜ್ಜುವಾಗ ಬಾಯಾಡಿಸಲು ಅವಳು ಅದರ ಪೊಟ್ಟಣ ಇಟ್ಟುಕೊಂಡಿರುತ್ತಿದ್ದಳು. ದಿನವೂ ಸಾಯಂಕಾಲ ಮನೆಗೆ ಬಂದು, ಯಾರೂ ನೋಡದಾಗ, ಉಳಿದದ್ದನ್ನು ಜಾಲರಿಯೊಳಗೆ ಸುರಿಯುತ್ತಿದ್ದಳು. ಕೋಳಿಗೂ ತನಗೂ ಬದ್ಧವೈರ ಎಂದು ಮನೆಯಲ್ಲಿ ಹೆಸರು ಮಾಡಿದ್ದರಿಂದ ಯಾರಿಗೂ ಹೇಳಿರಲಿಲ್ಲ. ಕಿಟಕಿಯಲ್ಲಿ ಮಾವ ನೋಡುತ್ತಿರುತ್ತಿದ್ದರು. “ಸಾಕು! ಸಾಕು!” ಎನ್ನುತ್ತಿದ್ದರು. ಅವಳಿಗೆ ಅದು ಶಹಬ್ಬಾಸ್ ಅಂದ ಹಾಗೆ ಕೇಳುತ್ತಿತ್ತು. ಮರುದಿನ ಇನ್ನಷ್ಟು ಉಳಿಸಿಕೊಂಡು ಬರುತ್ತಿದ್ದಳು.

“ಮೇವು ಹಾಕ್ತಿದ್ದವರು ಯಾರು?” ಡಾಕ್ಟರಮ್ಮ ಕೈಗವಸು ಬಿಚ್ಚುತ್ತ ಕೇಳಿದರು.

“ಅತ್ತೆ... ಅಂದ್ಕೊಂಡಿದ್ದೆ.”

“ಒಬ್ಬರ ಕೈಲಿ ಇಷ್ಟು ಪ್ರೀತಿ ಆಗಲ್ಲ ಬಿಡಿ. ಮನೆಮಂದಿ ಎಲ್ಲ ಸೇರಿ ಮಾಡಿದ ಕೆಲಸ ಇದು.”

ಸೊಸೆ ಮೊಬೈಲಿನಲ್ಲಿ ತಟ್ಟೆಯ ಫೋಟೋ ತೆಗೆದುಕೊಂಡಳು.

ಮನೆಗೆ ಬರುವ ಹೊತ್ತಿಗೆ ಮಧ್ಯಾಹ್ನದ ಊಟದ ಹೊತ್ತು. ಗಂಡ ವ್ಯಾನು ನಿಲ್ಲಿಸಿ ಊಟಕ್ಕೆ ಬಂದಿದ್ದ. ಟೈಪ್ ಮೇಷ್ಟ್ರು ಗೋಡೆಯ ಕಚೇರಿಗೆ ಬೀಗ ಹಾಕಿ ಅಡುಗೆಮನೆಯ ಬಾಗಿಲಿಗೇ ಬಂದು ನಿಂತಿದ್ದರು. ಅತ್ತೆ ಸೊಸೆಯ ಕೈ ನೋಡಿದರು. ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ.

“ವಿಷ ಅಲ್ಲ,” ಅಂದಳು ಸೊಸೆ.

“ನಾನು ವಿಷ ಅಂದ್ನಾ?”

“ಅನ್ಲಿಲ್ಲ.”

“ಮತ್ತೆ?”

“ಬಟ್ಟಲು ಕಿತ್ಕೊಂಡ್ರಿ.”

ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅತ್ತೆ ಅದನ್ನು ಆರಿಸಿದರು. ಆರಿಸುವ ಅಗತ್ಯ ಇರಲಿಲ್ಲ.

“ಮತ್ತೆ ಹೇಗೆ ಸತ್ತಿತು?” ಎಂದ ಗಂಡ.

“ತಿಂದು. ಕೊಬ್ಬು ಹೆಚ್ಚಾಗಿ ಲಿವರ್ ಹರಿದು ಸತ್ತಿದೆ. ಇಲ್ನೋಡಿ, ಅದರ ಹೊಟ್ಟೇಲಿ ಇದ್ದಿದ್ದು.” ಮೊಬೈಲನ್ನು ಅತ್ತೆಯ ಮುಂದೆ ಹಿಡಿದಳು.

ಅತ್ತೆ ಕನ್ನಡಕ ಸರಿಮಾಡಿಕೊಂಡರು. ಸೊಸೆ ಕಲಿಸಿದ್ದ ಹಾಗೆ ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದರು. ಬಹಳ ಹೊತ್ತು ನೋಡಿದರು.

“ಈ ಕಡಲೆಬೀಜ ನಂದು,” ಅಂದರು. “ಸಿಪ್ಪೆ ತೆಗ್ದಿದೀನಿ ನೋಡು. ಗಂಟಲಿಗೆ ಸಿಕ್ಕೊಳ್ಳುತ್ತೆ ಅಂತ ಬಿಡಿಸಿ ಹಾಕ್ತಿದ್ದೆ. ಹಿಟ್ಟು ನುಚ್ಚು ಹಾಕಿದ ಮೇಲೆ ಬೆಳಗ್ಗೆ ಒಂದು ಹಿಡಿ, ಸಾಯಂಕಾಲ ಒಂದು ಹಿಡಿ. ನೀವ್ಯಾರೂ ಅದರ ಮುಖಾನೂ ನೋಡಲ್ಲ ಅಂತ...” ಬೆರಳು ಸರಿಸಿದರು. “ಇದೇನಿದು ಬಣ್ಣ ಬಣ್ಣದ್ದು?”

“ಕೇಕು,” ಎಂದ ಗಂಡ. ದೊಡ್ಡ ಮೀಸೆಯ ಗಂಡಸು ಶಾಲೆಯ ಹುಡುಗನ ಹಾಗೆ ನೆಲ ನೋಡಿದ. “ಅಂಗಡಿಗಳಿಂದ ವಾಪಸ್ ಬಂದಿದ್ದು. ಬಿಸಾಡೋದು ಯಾಕೆ ಅಂತ. ನೀವಿಬ್ಬರೂ ಬರೀ ನುಚ್ಚು ಹಾಕಿ ಸಾಯಿಸ್ತಿದೀರಿ ಅಂದ್ಕೊಂಡಿದ್ದೆ.”

“ಸೂರ್ಯಕಾಂತಿ ನಂದು,” ಅಂದಳು ಸೊಸೆ.

ಅತ್ತೆ ತಲೆ ಎತ್ತಿದರು. “ನೀನಾ? ನೀನು ಅದನ್ನ ಕಂಡ್ರೆ ಉರಿದುಬೀಳ್ತಿದ್ದೆ!”

“ಉರಿದೂ ಬೀಳ್ತಿದ್ದೆ. ಬೀಜಾನೂ ಹಾಕ್ತಿದ್ದೆ.”

ಉಳಿದದ್ದು ಕೊಬ್ಬರಿ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲಿನಲ್ಲಿ ಟೈಪ್ ಮೇಷ್ಟ್ರು ಕೆಮ್ಮಿದರು.

“ಗೋಡೆ ಮೇಲಿಂದ ಒಂಚೂರು ಒಂಚೂರು ಬಿಸಾಕ್ತಿದ್ದೆ. ಅದು ಹಾಗೆ ಕತ್ತು ಓರೆ ಮಾಡ್ಕೊಂಡು ನೋಡ್ತಾ ನಿಂತ್ರೆ ಮನುಷ್ಯ ಅನ್ನಿಸ್ಕೊಂಡವನು ಹೇಗೆ ತಿನ್ನೋದು ಹೇಳಿ?”

“ವಿಷಾನೇ ಅಂತ ಅನುಭವದಲ್ಲಿ ಹೇಳಿದ್ರಲ್ಲ ಮೇಷ್ಟ್ರೇ!” ಎಂದ ಗಂಡ. ಅವನಿಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರೂ ನಕ್ಕರು. ಅತ್ತೆಯ ತುಟಿಯೂ ಅಲುಗಿತು.

“ಏನು ಮಾಡ್ಲಿ,” ಅಂದರು ಅತ್ತೆ. “ಇವರೂ ಅಷ್ಟು ಹೇಳ್ತಿದ್ರಲ್ಲ. ನಾನು ಕಾಳು ಹಿಡ್ಕೊಂಡು ಹೋದಾಗೆಲ್ಲ ಕಿಟಕೀಲಿ ಕೂತ್ಕೊಂಡು, ಸಾಕು, ಸಾಕು...”

ಮಾತು ಅಲ್ಲೇ ನಿಂತಿತು. ಬೆಳಗ್ಗೆ ಗೂಡಿನ ಮುಂದೆ ನಿಂತ ಹಾಗೆಯೇ. ನಾಲ್ವರೂ ಆ ಮಾತನ್ನು ಕೇಳಿದರು. ಮೊದಲ ಸಲ ಕೇಳಿದಂತೆ ಕೇಳಿದರು.

ಗಂಡನ ನಗು ಹಾರಿಹೋಯಿತು. ಅತ್ತೆ ಒಲೆಯ ಕಟ್ಟೆ ಹಿಡಿದುಕೊಂಡರು.

“ನಿನ್ನೆ ಸಾಯಂಕಾಲ ಕಿಟಕಿ ಕಟ್ಟೆ ಬಡೀತಿದ್ರು,” ಅಂದರು ಸಣ್ಣ ಧ್ವನಿಯಲ್ಲಿ. “ಎಡಗೈಲಿ ದಪದಪ ಅಂತ. ಸಾಕು ಸಾಕು ಅಂತ ಒಂದೇ ಸಮ. ನಾನು... ಇನ್ನೂ ಒಂದು ಹಿಡಿ ಹಾಕಿ ಬಂದೆ.”

ಅತ್ತೆಯೇ ಮೊದಲು ಹೆಜ್ಜೆ ಇಟ್ಟು ಮಾವನ ಕೋಣೆಗೆ ನಡೆದರು. ಉಳಿದವರು ಹಿಂದೆ ಹೋದರು.

ಮಾವ ಕಿಟಕಿಯ ಕುರ್ಚಿಯಲ್ಲಿದ್ದರು. ಹೊರಗೆ ಖಾಲಿ ಗೂಡು, ಅರ್ಧ ಮುಚ್ಚಿದ ಗುಂಡಿ. ಅವರಿಗೆ ಹೇಳದೆ ಮುಚ್ಚಿಡಬೇಕೆಂದು ಬೆಳಗ್ಗೆ ಅತ್ತೆ ಎಲ್ಲರಿಗೂ ಕಣ್ಸನ್ನೆ ಮಾಡಿದ್ದರು. ಇಡೀ ಮನೆಯಲ್ಲಿ ಕೋಳಿ ಬೀಳುವುದನ್ನು ಕಣ್ಣಾರೆ ಕಂಡಿರಬಹುದಾದವರು ಅವರೊಬ್ಬರೇ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

“ರೀ,” ಅಂದರು ಅತ್ತೆ. “ನೀವು ಸಾಕು ಸಾಕು ಅಂತಿದ್ದಿದ್ದು... ಸಾಕು ಅಂತಲೋ, ಸಾಕು ಅಂತಲೋ?”

“ಎರಡೂ ಒಂದೇ ಆಯ್ತಲ್ಲಮ್ಮ,” ಅಂದರು ಬಾಗಿಲಿನಿಂದ ಮೇಷ್ಟ್ರು.

“ಸಾಕು,” ಅಂದರು ಮಾವ.

ಅತ್ತೆ ಅಸಹಾಯಕರಾಗಿ ಸೊಸೆಯ ಕಡೆ ತಿರುಗಿದರು. ಬೆಳಗಿನ ಆ ಒಂದು ನೋಟದ ಮೇಲೆ ಅವಳ ಮುಖವನ್ನು ನೇರ ನೋಡಿದ್ದು ಆಗಲೇ.

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಕುರ್ಚಿಯ ಪಕ್ಕ ನಿಂತು ಗಾಜು ಬದಲಾಯಿಸುವುದೂ ಸೊಸೆಯ ಕೆಲಸವೇ. ಯಜಮಾನರು ಕಲಿಸಿದ್ದ ಮೊದಲ ಪಾಠ, ಗಿರಾಕಿಯನ್ನು “ಕಾಣುತ್ತಾ?” ಎಂದು ಕೇಳಬಾರದು. ಹಾಗೆ ಕೇಳಿದರೆ ಮುಲಾಜಿಗೆ ಎಲ್ಲರೂ ಕಾಣುತ್ತೆ ಅನ್ನುತ್ತಾರೆ. ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, “ಇದಾ, ಅದಾ?” ಎಂದು ಕೇಳಬೇಕು. ನಿತ್ಯ ಮಾಡುವ ಕೆಲಸ. ಮನೆಯೊಳಗೆ ಯಾಕೆ ಒಮ್ಮೆಯೂ ಮಾಡಲಿಲ್ಲವೋ ಅವಳಿಗೇ ತಿಳಿಯಲಿಲ್ಲ.

ಅವಳು ಮಾವನ ಮುಂದೆ ಮಂಡಿಯೂರಿದಳು. ಎರಡು ಮುಷ್ಟಿ ಮುಂದಕ್ಕೆ ಚಾಚಿದಳು.

“ಮಾವ, ಇದು, ‘ಕೋಳಿಗೆ ಹಾಕಬೇಡಿ, ಹೆಚ್ಚಾಯ್ತು.’ ಇದು, ‘ಕೋಳೀನ ಚೆನ್ನಾಗಿ ಸಾಕಿ.’ ಇದಾ, ಅದಾ?”

ಮಾವ ಎರಡೂ ಮುಷ್ಟಿ ನೋಡಿದರು. ಎಡಗೈ ತೊಡೆಯ ಮೇಲಿಂದ ನಿಧಾನಕ್ಕೆ ಎದ್ದು ಮೊದಲನೆಯದನ್ನು ಮುಟ್ಟಿತು.

ಅಂಗಡಿಯಲ್ಲಿ ಒಂದೇ ಉತ್ತರವನ್ನು ನಂಬುವುದಿಲ್ಲ. ಗಾಜು ಅದಲುಬದಲು ಮಾಡಿ ಮತ್ತೆ ಕೇಳುತ್ತಾರೆ. ಸೊಸೆ ಮುಷ್ಟಿಗಳ ಅರ್ಥ ಅದಲುಬದಲು ಮಾಡಿ ಹೇಳಿ ಮತ್ತೆ ಚಾಚಿದಳು. ಮಾವ ಈ ಸಲ ಇನ್ನೊಂದು ಮುಷ್ಟಿಯನ್ನು ಮುಟ್ಟಿದರು. ಮುಟ್ಟಲಿಲ್ಲ, ಹೊಡೆದರು, ಎಷ್ಟು ಸಲ ಹೇಳಬೇಕು ನಿಮಗೆ ಎಂಬಂತೆ.

ಅತ್ತೆ ಮಂಚದ ಅಂಚಿನಲ್ಲಿ ಕೂತುಬಿಟ್ಟರು. ಅಳಲಿಲ್ಲ. “ಇಷ್ಟು ದಿನ ಸರಿಯಾಗೇ ಹೇಳ್ತಿದ್ರು,” ಅಂದರು. “ನಾನೇ ನನಗೆ ಬೇಕಾದ ಹಾಗೆ ಕೇಳಿಸ್ಕೊಂಡೆ.”

“ನಾವೆಲ್ಲ ಹಾಗೇ ಕೇಳಿಸ್ಕೊಂಡ್ವಿ ಅತ್ತೆ,” ಅಂದಳು ಸೊಸೆ.

ಮೇಷ್ಟ್ರು ತಮಗೆ ಇನ್ನು ಇಲ್ಲಿ ಕೆಲಸವಿಲ್ಲ ಎಂದು ತಿಳಿದು ಹೊರಟರು. ಗಂಡನೂ ತಟ್ಟೆ ಹಾಕಿಕೊಳ್ಳುವ ನೆಪದಲ್ಲಿ ಹೋದ. ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಮಾವನ ಬಟ್ಟಲು ತಂದರು. ಕೋಣೆಯ ನಡುವೆ ನಿಂತರು. ಆಮೇಲೆ, ಗೋಡೆಯ ಕಡೆ ನೋಡುತ್ತ, ಬಟ್ಟಲನ್ನು ಸೊಸೆಯ ಕಡೆಗೆ ಚಾಚಿದರು.

ಸೊಸೆ ತೆಗೆದುಕೊಂಡಳು. ಅನ್ನ ಆರಿದೆಯೇ ಎಂದು ನೋಡಿ, ಚಮಚ ತುಂಬಿ, ಮಾವನ ಬಾಯಿಯ ಹತ್ತಿರ ಹಿಡಿದಳು.

“ಸಾಕು,” ಅಂದರು ಮಾವ.

ಇನ್ನೂ ಒಂದು ತುತ್ತೂ ತಿಂದಿರಲಿಲ್ಲ. ಹೀಗಾದಾಗ ದಿನವೂ ಅತ್ತೆ ಸೊಸೆ ಇಬ್ಬರೂ ಮಾಡುತ್ತಿದ್ದದ್ದು ಒಂದೇ: ಒಂದೇ ತುತ್ತು, ಇದೊಂದು, ಜಾಣ ಅಲ್ವಾ ಎಂದು ತುಟಿಯ ಸಂದಿಯಲ್ಲಿ ತುರುಕುವುದು. ಸೊಸೆಯ ಬಾಯಲ್ಲೂ ‘ಒಂದೇ ತುತ್ತು’ ಬಂದಿತ್ತು. ನುಂಗಿಕೊಂಡಳು. ಚಮಚವನ್ನು ಬಟ್ಟಲಲ್ಲಿಟ್ಟು, ಬಟ್ಟಲನ್ನು ಅವರ ತೊಡೆಯ ಮೇಲಿಟ್ಟು, ಮುಷ್ಟಿ ಎತ್ತಿದಳು. “ಇದು, ‘ಹಸಿವಿಲ್ಲ.’ ಇದು...”

ಮಾವ ಎರಡನೆಯದಕ್ಕೆ ಕಾಯಲಿಲ್ಲ. ಎಡಗೈ ಚಾಚಿ ಚಮಚ ಹಿಡಿದುಕೊಂಡರು.

ಆ ಕೈಗೆ ಅಭ್ಯಾಸವಿರಲಿಲ್ಲ. ಚಮಚ ಓರೆಯಾಯಿತು. ಮೊದಲ ತುತ್ತು ಅಂಗಿಯ ಮೇಲೆ ಬಿತ್ತು, ಎರಡನೆಯದು ನೆಲದ ಮೇಲೆ. ಅತ್ತೆಯ ಕೈ ತಾನಾಗಿಯೇ ಮುಂದಕ್ಕೆ ಹಾರಿತು.

“ಅತ್ತೆ,” ಅಂದಳು ಸೊಸೆ.

ಕೈ ಅರ್ಧದಲ್ಲಿ ನಿಂತಿತು. ಅತ್ತೆ ಅದನ್ನು ಹಿಂದಕ್ಕೆಳೆದು ಸೆರಗಿನಲ್ಲಿ ಸುತ್ತಿಕೊಂಡರು. ಮಾವನನ್ನು ನೋಡಿದರು, ಬಟ್ಟಲನ್ನು ನೋಡಿದರು, ಸೊಸೆಯನ್ನು ನೋಡಿದರು.

“ಒರೆಸೋಕೆ ಬಟ್ಟೆ ತರ್ತೀನಿ,” ಅಂದರು. “ನೀನಿಲ್ಲೇ ಕೂತಿರು ಅವರ ಹತ್ರ.”

ಒರೆಸುವ ಬಟ್ಟೆ ಕುರ್ಚಿಯ ಬೆನ್ನಿನ ಮೇಲೆಯೇ ಇತ್ತು. ಅತ್ತೆಗೂ ಅದು ಕಾಣುತ್ತಿತ್ತು. ಅವರು ಹೊರಗೆ ಹೋಗಿ, ಬಾಗಿಲನ್ನು ಮುಂದಕ್ಕೆಳೆದುಕೊಂಡರು. ಬಟ್ಟೆ ತರಲು ಬಹಳ ಹೊತ್ತು ಹಿಡಿಯಿತು.

ಮೂರನೆಯ ಚಮಚ ನಡುಗುತ್ತ ಬಾಯಿ ತಲುಪಿತು. ಮಾವ ಅಗಿದು ನುಂಗಿ, ಸೊಸೆಯ ಕಡೆ ಕತ್ತು ಓರೆ ಮಾಡಿ ನೋಡಿದರು. ಟಿಕೆಟ್ ತೋರಿಸು ಅನ್ನುವಂಥ ನೋಟ. ಸೊಸೆ ನಗು ತಡೆದುಕೊಂಡಳು.

ನೆಲದ ಮೇಲೆ, ಕುರ್ಚಿಯ ಸುತ್ತ, ಅನ್ನ ಚೆಲ್ಲಿತ್ತು. ಹೆಕ್ಕಲು ಕೋಳಿ ಇರಲಿಲ್ಲ. ಸೊಸೆಯೇ ಬಗ್ಗಿ ಒಂದೊಂದಾಗಿ ಹೆಕ್ಕಿದಳು.